ಕಡತದ ಮಡಿಕೆಗಳು

ಇಂದು ನಾವು ಸರ್ಕಾರಿ ಕಚೇರಿಯ ಫೈಲಿಗೂ ಗಣಕಯಂತ್ರದೊಳಗಿನ ದಾಖಲೆಗೂ ಸಮಾನವಾಗಿ ಬಳಸುತ್ತಿರುವ ‘ಕಡತ’ವೆಂಬ ಶಬ್ದವು ಮೂಲದಲ್ಲಿ ಒಂದು ಬಟ್ಟೆಯ ಹೆಸರಾಗಿತ್ತೆಂಬುದನ್ನು ಎಷ್ಟು ಮಂದಿ ಬಲ್ಲರೋ ಕಾಣೆ. ಉದ್ದನೆಯ ಅರಿವೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಬೆರೆಸಿ ಬಳಿದು, ಒಣಗಿಸಿ, ಕರಿಹಲಗೆಯಂತೆ ಗಡುಸಾದ ಅದನ್ನು ಹಿಂದಕ್ಕೂ ಮುಂದಕ್ಕೂ ಮಡಿಕೆಮಡಿಕೆಯಾಗಿ ಮಡಿಸಿ, ಬಳಪದ ಕಡ್ಡಿಯಿಂದ ಅದರ ಮೇಲೆ ಲೆಕ್ಕಪತ್ರಗಳನ್ನು ಬರೆದಿಡುತ್ತಿದ್ದ ಶ್ಯಾನುಭೋಗರೂ ವರ್ತಕರೂ ಮಠದ ಕರಣಿಕರೂ ನಮ್ಮ ನಾಡಿನಲ್ಲಿ ಬಹುಕಾಲ ಇದ್ದರು. ಶೃಂಗೇರಿಯ ಮಠದ ಕಡತಗಳು ಇಂದಿಗೂ ಚರಿತ್ರಕಾರರಿಗೆ ಆಕರಗಳಾಗಿವೆ. ಬಿಚ್ಚಿದರೆ ಮಾರುಗಟ್ಟಲೆ ಹರಡಿಕೊಳ್ಳುವ ಆ ಬರವಣಿಗೆ ಮಡಿಸಿದಾಗ ಕಂಕುಳಲ್ಲಿ ಅಡಗುತ್ತಿತ್ತು, ಮತ್ತು ಎಷ್ಟು ಸಲ ಮಡಿಸಿ ಬಿಚ್ಚಿದರೂ ಅದರ ಒಂದಕ್ಷರವೂ ಕಳೆದುಹೋಗುತ್ತಿರಲಿಲ್ಲ. ಜಾಗ ಸಾಲದೆ ಬಂದಾಗ ಮಾತ್ರ ಕರಣಿಕನು ಹಳೆಯ ಲೆಕ್ಕವೊಂದನ್ನು ಒರಸಿ, ಅಲ್ಲಿ ಹೊಸದನ್ನು ಬರೆಯುತ್ತಿದ್ದನು. ಒರಸಿದ ಬಳಿಕ ಮೊದಲಿನದು ಮತ್ತೆ ಬರುವಂತಿರಲಿಲ್ಲ. ಕಡತವನ್ನು ಕಿರಿದುಮಾಡುವುದಕ್ಕೆ ಮನುಷ್ಯನಿಗೆ ಅಂದು ತಿಳಿದಿದ್ದ ಉಪಾಯಗಳು ಈ ಎರಡೇ, ಮಡಿಸುವುದು ಮತ್ತು ಒರಸುವುದು. ಇಂದು ತಿಳಿದಿರುವವೂ ಈ ಎರಡೇ.

ಕಳೆದ ವರ್ಷ ಕಾಲೇಜುಗಳ ಪ್ರವೇಶದ ದಿನಗಳಲ್ಲಿ ಒಂದು ಸಂಜೆ ನಮ್ಮ ಬಡಾವಣೆಯ ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಹಳ್ಳಿಯಿಂದ ಬಂದಿದ್ದ ಒಬ್ಬ ತಾಯಿ, ಅವಳ ಮಗಳು ಗಣಕಯಂತ್ರದ ಮುಂದೆ ನಿಂತಿದ್ದರು. ಮಾರ್ಕ್ಸ್ ಕಾರ್ಡು, ಜಾತಿ ಮತ್ತು ಆದಾಯದ ಪ್ರಮಾಣಪತ್ರ ಇವು ಒಂದೊಂದೂ 300 ಕೆಬಿಯೊಳಗೆ, ಭಾವಚಿತ್ರ 50 ಕೆಬಿಯೊಳಗೆ, ಸಹಿ 20 ಕೆಬಿಯೊಳಗೆ ಇರತಕ್ಕದ್ದೆಂದು ಅರ್ಜಿಯ ವಿಧಿ. ಅಂಗಡಿಯ ಹುಡುಗ ಸ್ಕ್ಯಾನ್ ಮಾಡಿದ ಮಾರ್ಕ್ಸ್ ಕಾರ್ಡೊಂದೇ 6 ಎಂಬಿ ಆಗಿತ್ತು. “ಅಣ್ಣಾ, ಸೈಜ್ ಜಾಸ್ತಿ ಅಂತ ಕೆಂಪಗೆ ತೋರಿಸ್ತಾ ಇದೆ” ಎಂದಳು ಹುಡುಗಿ. “ತಡಿಯಮ್ಮ, ಕಮ್ಮಿ ಮಾಡಿ ಕೊಡ್ತೀನಿ” ಎಂದು ಆತನು ಅಂತರಜಾಲದ ಯಾವುದೋ ತಾಣಕ್ಕೆ ಅದನ್ನು ಏರಿಸಿ ಇಳಿಸಿಕೊಂಡನು. ಗಾತ್ರವೇನೋ 90 ಕೆಬಿಗೆ ಬಂದಿತು. ಆದರೆ ಹುಡುಗಿ ಪರದೆಯತ್ತ ಬಗ್ಗಿ, ತನ್ನ ನೋಂದಣಿ ಸಂಖ್ಯೆಯ ಮೇಲೆ ಬೆರಳಿಟ್ಟು, “ಇದು ಮೂರಾ, ಎಂಟಾ?” ಎಂದು ಕೇಳಿದಳು. ಯಾರಿಗೂ ಹೇಳಲಾಗಲಿಲ್ಲ.

ಆ ಪ್ರಶ್ನೆ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಸಾವಿರಾರು ಮಂದಿ ದಿನವೂ ಮಾಡುವ ಈ ಗಾತ್ರಸಂಕೋಚನದ ಕೆಲಸದಲ್ಲಿ ಏನು ಉಳಿಯುತ್ತದೆ, ಏನು ಅಳಿಯುತ್ತದೆ, ಅದನ್ನು ನಿಶ್ಚಯಿಸುವವರು ಯಾರು ಎಂಬುದನ್ನು ತಿಳಿಯದೆಯೇ ನಾವು ಗುಂಡಿ ಒತ್ತುತ್ತಿದ್ದೇವೆ. ತಿಳಿಯಲಾಗದಷ್ಟು ಗಹನವಾದ ವಿಷಯವೇನೂ ಇದಲ್ಲ.

ಮೊದಲು ತೂಕದ ಮಾತು. ಗಣಕಯಂತ್ರದೊಳಗೆ ತೂಕವೆಂದರೆ ಬೈಟುಗಳ ಎಣಿಕೆ. ಸೊನ್ನೆ ಒಂದುಗಳ 8 ಗುರುತುಗಳ ಗುಚ್ಛಕ್ಕೆ ಒಂದು ಬೈಟೆಂದು ಹೆಸರು. ಯೂನಿಕೋಡಿನ ಕನ್ನಡ ಸಂಕೇತಗಳು, ಇಂದು ಎಲ್ಲೆಡೆ ರೂಢಿಯಲ್ಲಿರುವ ಯುಟಿಎಫ್-8 ಎಂಬ ಕ್ರಮದಲ್ಲಿ, ತಲಾ 3 ಬೈಟುಗಳನ್ನು ಹಿಡಿಯುತ್ತವೆ. ‘ಕನ್ನಡ’ ಎಂಬ ಪದದಲ್ಲಿ ಕಕಾರ, ನಕಾರ, ಹಲಂತದ ಗುರುತು, ಮತ್ತೊಂದು ನಕಾರ, ಡಕಾರ ಎಂದು 5 ಸಂಕೇತಗಳಿರುವುದರಿಂದ ಅದರ ತೂಕ 15 ಬೈಟು. ಈ ಲೆಕ್ಕದಲ್ಲಿ 1500 ಸಂಕೇತಗಳ ಒಂದು ಪುಟವು 4500 ಬೈಟು, ಅಂದರೆ ನಾಲ್ಕೂವರೆ ಕೆಬಿ ಆಯಿತು. ಅದೇ ಪುಟವನ್ನು ಕಾಗದದ ಮೇಲೆ ಮುದ್ರಿಸಿ, ಸ್ಕ್ಯಾನರಿನ ಗಾಜಿನ ಮೇಲೆ ಕವುಚಿಟ್ಟು, ಅಂಗುಲಕ್ಕೆ 300 ಚುಕ್ಕೆಗಳಂತೆ ಬಣ್ಣದಲ್ಲಿ ಸೆರೆಹಿಡಿದೆವೆಂದುಕೊಳ್ಳೋಣ. ಎ4 ಕಾಗದದ ಅಗಲಕ್ಕೆ 2480 ಚುಕ್ಕೆ, ಉದ್ದಕ್ಕೆ 3508 ಚುಕ್ಕೆ, ಒಟ್ಟು 86,99,840. ಪ್ರತಿ ಚುಕ್ಕೆಗೂ ಕೆಂಪು, ಹಸುರು, ನೀಲಿ ಎಂದು ಮೂರು ಬೈಟು. ಒಟ್ಟು ತೂಕ 26 ಎಂಬಿಗೂ ಮಿಕ್ಕಿತು. ಅಕ್ಷರವಾಗಿದ್ದಾಗ ನಾಲ್ಕೂವರೆ ಕೆಬಿ ಇದ್ದ ಪುಟವು ಚಿತ್ರವಾದೊಡನೆ ಐದು ಸಾವಿರ ಪಟ್ಟಿಗಿಂತಲೂ ಹೆಚ್ಚು ಭಾರವಾಯಿತು. ಓದುವವನಿಗೆ ದೊರೆಯುವ ಅರ್ಥವಾದರೋ ಎಳ್ಳಷ್ಟೂ ಹೆಚ್ಚಲಿಲ್ಲ. ಆ ಕೋಟಿಗಟ್ಟಲೆ ಬೈಟುಗಳಲ್ಲಿ ಬಹುಭಾಗ ಬರಿಯ ಬಿಳಿಯ ಕಾಗದದ ವರ್ಣನೆ.

ಈ ಹೊರೆಯನ್ನು ಇಳಿಸುವ ಮೊದಲನೆಯ ದಾರಿ ಮಡಿಸುವುದು. ಇದರ ತತ್ತ್ವ ನಮ್ಮವರಿಗೆ ಹೊಸತಲ್ಲ. ಪಾಣಿನಿಯು ವ್ಯಾಕರಣವನ್ನು ಬರೆಯಹೊರಟಾಗ ಮೊದಲು ವರ್ಣಗಳನ್ನು 14 ಮಾಹೇಶ್ವರ ಸೂತ್ರಗಳಲ್ಲಿ ಒಂದು ವಿಶಿಷ್ಟ ಕ್ರಮದಲ್ಲಿ ಜೋಡಿಸಿಕೊಂಡನು. ಆಮೇಲೆ ಎಲ್ಲ ಸ್ವರಗಳನ್ನೂ ಹೇಳಬೇಕಾದಲ್ಲಿ ‘ಅಚ್’ ಎಂಬ ಒಂದೇ ಉಚ್ಚಾರ, ಎಲ್ಲ ವ್ಯಂಜನಗಳಿಗೆ ‘ಹಲ್’ ಎಂಬ ಒಂದೇ ಉಚ್ಚಾರ ಸಾಕಾಯಿತು. ಅರ್ಧ ಮಾತ್ರೆಯ ಉಳಿತಾಯವಾದರೂ ವೈಯಾಕರಣನಿಗೆ ಮಗ ಹುಟ್ಟಿದಷ್ಟು ಸಂತೋಷವಾಗುತ್ತದೆಂಬ ಮಾತು ಪಂಡಿತವರ್ಗದಲ್ಲಿ ಇಂದಿಗೂ ಬಳಕೆಯಲ್ಲಿದೆ. ಆದರೆ ಸೂತ್ರಕ್ಕೆ ಅಲ್ಪಾಕ್ಷರವಾಗಿದ್ದರೆ ಸಾಲದು, ಅದು ಅಸಂದಿಗ್ಧವೂ ಆಗಿರಬೇಕೆಂದು ಅದೇ ಪಂಡಿತರು ವಿಧಿಸಿದರು. ಲಾಘವಕ್ಕಾಗಿ ಅರ್ಥದಲ್ಲಿ ಸಂದೇಹ ಹುಟ್ಟಿದರೆ ಅದು ಸೂತ್ರವೆನಿಸದು. ಈ ಎರಡನೆಯ ವಿಧಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ನಮ್ಮ ಲಿಪಿಯಲ್ಲಿಯೂ ಇಂತಹ ಒಂದು ಲಾಘವ ಅಡಗಿದೆ. ಸಂಸ್ಕೃತದಲ್ಲಿ ಅತ್ಯಧಿಕವಾಗಿ ಬರುವ ಸ್ವರ ಅಕಾರ; ವ್ಯಂಜನದೊಡನೆ ಅದು ಕೂಡಿದಾಗ ಅದಕ್ಕೆ ಬೇರೆ ಚಿಹ್ನೆಯೇ ಬೇಡವೆಂದು ಭಾರತೀಯ ಲಿಪಿಕಾರರು ನಿಶ್ಚಯಿಸಿಬಿಟ್ಟರು. ಎಲ್ಲಕ್ಕಿಂತ ಹೆಚ್ಚಾಗಿ ಬರುವುದಕ್ಕೆ ಎಲ್ಲಕ್ಕಿಂತ ಕಡಮೆ ಶ್ರಮ! ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಮೋರ್ಸನ ತಂತಿಸಂಕೇತವನ್ನು ರೂಪಿಸಿದವರು ಅನುಸರಿಸಿದುದೂ ಇದೇ ನ್ಯಾಯವನ್ನು. ಇಂಗ್ಲಿಷಿನಲ್ಲಿ ಹೆಚ್ಚಾಗಿ ಬರುವ ‘ಇ’ ಅಕ್ಷರಕ್ಕೆ ಒಂದು ಚುಕ್ಕೆ ಮಾತ್ರ. ಅಪರೂಪದ ‘ಕ್ಯೂ’ ಅಕ್ಷರಕ್ಕೆ ಮೂರು ಗೆರೆ, ಒಂದು ಚುಕ್ಕೆ.

ತಂತಿಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಮದುವೆಯ ಮನೆಗಳಿಗೆ ಶುಭಾಶಯದ ತಂತಿಗಳು ಬರುತ್ತಿದ್ದ ಕಾಲವನ್ನು ಹಿರಿಯರು ಮರೆತಿರಲಾರರು. ತಂತಿ ಕಚೇರಿಯಲ್ಲಿ ಸಿದ್ಧವಾಕ್ಯಗಳ ಒಂದು ಪಟ್ಟಿ ಇರುತ್ತಿತ್ತು, ಒಂದೊಂದು ವಾಕ್ಯಕ್ಕೂ ಒಂದೊಂದು ಸಂಖ್ಯೆ. ಕಳುಹಿಸುವವನು ಸಂಖ್ಯೆಯನ್ನು ಬರೆದರೆ ತಂತಿಯ ಮೇಲೆ ಸಂಖ್ಯೆಯೇ ಹೋಗುತ್ತಿತ್ತು. ಆಚೆಯ ಕಚೇರಿಯಲ್ಲಿ ಅದೇ ಪಟ್ಟಿ ಇದ್ದುದರಿಂದ ವಧೂವರರ ಕೈಗೆ ಇಡೀ ವಾಕ್ಯ ತಲಪುತ್ತಿತ್ತು. 2013ರ ಜುಲೈನಲ್ಲಿ ನಮ್ಮ ದೇಶದ ತಂತಿಸೇವೆ ನಿಂತುಹೋಯಿತಾದರೂ, ಇಬ್ಬರ ಬಳಿಯೂ ಇರುವ ಪಟ್ಟಿಯೊಂದನ್ನು ನಂಬಿ ಮಾತನ್ನು ಕಿರಿದಾಗಿಸುವ ಆ ವಿಧಾನ ಮಾತ್ರ ಗಣಕಯಂತ್ರಗಳಲ್ಲಿ ಕ್ಷಣಕ್ಷಣವೂ ನಡೆಯುತ್ತಿದೆ.

ಈ ಎಲ್ಲಕ್ಕೂ ಗಣಿತದ ಅಡಿಪಾಯವನ್ನು ಹಾಕಿದವನು ಅಮೆರಿಕದ ಬೆಲ್ ಪ್ರಯೋಗಶಾಲೆಯ ಕ್ಲಾಡ್ ಶ್ಯಾನನ್. 1948ರ ತನ್ನ ಪ್ರಬಂಧದಲ್ಲಿ ಆತನು ವಾರ್ತೆಯ ಪರಿಮಾಣವನ್ನು ಅಳೆಯಬಹುದೆಂದು ತೋರಿಸಿ, ಸಾಮಾನ್ಯ ಇಂಗ್ಲಿಷ್ ಬರವಣಿಗೆಯಲ್ಲಿ ಸುಮಾರು ಅರ್ಧದಷ್ಟನ್ನು ಬರೆಯುವವನು ಆರಿಸುವುದೇ ಇಲ್ಲ, ಭಾಷೆಯ ಕಟ್ಟೇ ಅದನ್ನು ನಿರ್ಣಯಿಸಿರುತ್ತದೆ ಎಂದು ಲೆಕ್ಕಹಾಕಿದನು. ಆ ಅರ್ಧವು ಪುನರುಕ್ತಿ, ಅದನ್ನು ಮಡಿಸಬಹುದು. ಮೂರು ವರ್ಷಗಳ ತರುವಾಯ, 1951ರಲ್ಲಿ, ಎಂ.ಐ.ಟಿ.ಯಲ್ಲಿ ರಾಬರ್ಟ್ ಫ್ಯಾನೋ ಎಂಬ ಪ್ರಾಧ್ಯಾಪಕನು ತನ್ನ ವಿದ್ಯಾರ್ಥಿಗಳಿಗೆ, ಕೊನೆಯ ಪರೀಕ್ಷೆಗೆ ಕುಳಿತುಕೊಳ್ಳಿರಿ ಇಲ್ಲವೆ ಒಂದು ಸಮಸ್ಯೆಯ ಮೇಲೆ ಪ್ರಬಂಧ ಬರೆಯಿರಿ ಎಂದು ಆಯ್ಕೆ ಕೊಟ್ಟನು. ಅಕ್ಷರಗಳು ಎಷ್ಟೆಷ್ಟು ಸಲ ಬರುತ್ತವೆಂಬುದು ಗೊತ್ತಿದ್ದರೆ, ಅವುಗಳಿಗೆ ಸೊನ್ನೆ ಒಂದುಗಳ ಅತಿ ಕಿರಿದಾದ ಸಂಕೇತಗಳನ್ನು ರಚಿಸುವುದು ಹೇಗೆ ಎಂಬುದೇ ಆ ಸಮಸ್ಯೆ. ಅದು ಪ್ರಾಧ್ಯಾಪಕನಿಗೂ ಬಗೆಹರಿಯದೆ ಉಳಿದುದೆಂದು ತಿಳಿಯದ ಡೇವಿಡ್ ಹಫ್‌ಮನ್ ಎಂಬ ವಿದ್ಯಾರ್ಥಿಯು ತಿಂಗಳುಗಟ್ಟಲೆ ಹೆಣಗಿ, ಕೈಚೆಲ್ಲಿ ಪರೀಕ್ಷೆಗೇ ಓದಿಕೊಳ್ಳುವೆನೆಂದು ಎದ್ದ ಹೊತ್ತಿನಲ್ಲಿ ಪರಿಹಾರ ಹೊಳೆಯಿತು. ಎಲ್ಲರೂ ಮರವನ್ನು ಬುಡದಿಂದ ಕವಲೊಡೆಸಲು ಯತ್ನಿಸಿದ್ದರು. ಆತನು ತುದಿಯ ಎಲೆಗಳಿಂದ ಹೊರಟು, ಅತ್ಯಂತ ವಿರಳವಾದ ಎರಡೆರಡನ್ನು ಜೊತೆಗೂಡಿಸುತ್ತ ಬುಡಕ್ಕೆ ಇಳಿದನು. ಇಂದು ನಮ್ಮ ಫೋನಿನಲ್ಲಿ ತೆಗೆಯುವ ಒಂದೊಂದು ಜೆಪೆಗ್ ಚಿತ್ರದಲ್ಲಿಯೂ ಆ ವಿದ್ಯಾರ್ಥಿಯ ಪ್ರಬಂಧದ ಫಲವಿದೆ.

ಇಸ್ರೇಲಿನ ಹೈಫಾ ನಗರದ ಅಬ್ರಹಾಂ ಲೆಂಪೆಲ್ ಮತ್ತು ಜೇಕಬ್ ಜಿವ್ 1977ರಲ್ಲಿಯೂ 1978ರಲ್ಲಿಯೂ ಪ್ರಕಟಿಸಿದ ಉಪಾಯವು ಇನ್ನೂ ಸರಳ. ದೇವರನಾಮಗಳ ಪುಸ್ತಕವನ್ನು ನೋಡಿದವರಿಗೆ ಅದನ್ನು ವಿವರಿಸಬೇಕಾದುದಿಲ್ಲ. ಪ್ರತಿ ಚರಣದ ಕೊನೆಗೂ ಪಲ್ಲವಿಯನ್ನು ಮತ್ತೆ ಅಚ್ಚುಹಾಕುವ ಬದಲು ಮುದ್ರಕನು ‘ಪ’ ಎಂದೊಂದು ಗುರುತು ಇಡುತ್ತಾನೆ. ಹಾಡುವವನು ಮೇಲಕ್ಕೆ ನೋಡಿ ಪೂರ್ತಿಯಾಗಿ ಹಾಡುತ್ತಾನೆ. ಹಾಗೆಯೇ ಯಂತ್ರವೂ, ಹಿಂದೆ ಬಂದ ಮಾತು ಮರುಕಳಿಸಿದೊಡನೆ, ‘ಇಷ್ಟು ಹಿಂದಕ್ಕೆ ಹೋಗಿ ಇಷ್ಟನ್ನು ತೆಗೆದುಕೊ’ ಎಂದು ಮಾತ್ರ ಬರೆದಿಡುತ್ತದೆ. ಈ ಉಪಾಯವನ್ನೂ ಹಫ್‌ಮನ್ನನ ಸಂಕೇತಗಳನ್ನೂ ಬೆಸೆದು ಆದದ್ದೇ ಜಿಪ್. ಪಿಎನ್‌ಜಿ ಚಿತ್ರಗಳೂ ಪಿಡಿಎಫ್ ಒಳಗಿನ ಅಕ್ಷರಭಾಗಗಳೂ ವರ್ಡ್ ದಾಖಲೆಗಳೂ ಒಳಗೆ ಇದನ್ನೇ ಆಶ್ರಯಿಸಿವೆ. ಕನ್ನಡಕ್ಕೆ ಇಂಗ್ಲಿಷಿನ ಮೂರರಷ್ಟು ಜಾಗ ಬೇಕಾಗುತ್ತದೆಂದು ಕೊರಗುವವರು ಇಲ್ಲಿ ಸಮಾಧಾನಪಟ್ಟುಕೊಳ್ಳಬಹುದು. ಕನ್ನಡ ಸಂಕೇತದ ಮೂರು ಬೈಟುಗಳಲ್ಲಿ ಮೊದಲನೆಯದು ಯಾವಾಗಲೂ 224. ಎರಡನೆಯದು 178 ಇಲ್ಲವೆ 179, ಮತ್ತೊಂದು ಬಾರದು. ಪಲ್ಲವಿಯಂತೆ ಮರಳಿಮರಳಿ ಬರುವ ಈ ಎರಡನ್ನು ಜಿಪ್ ಬಹುಮಟ್ಟಿಗೆ ಮಡಿಸಿಬಿಡುತ್ತದೆ. ನಮ್ಮ ಭಾಷೆಯ ನಿಜವಾದ ತೂಕ ಮೂರನೆಯ ಬೈಟಿನಲ್ಲಿಯೇ ಇದೆ.

ಮಡಿಸುವುದಕ್ಕೂ ಒಂದು ಮೇರೆಯುಂಟು. ಯಾವ ದಾಖಲೆಯನ್ನಾದರೂ ಕಿರಿದುಮಾಡಿ ಮತ್ತೆ ಯಥಾವತ್ತಾಗಿ ಬಿಚ್ಚಿಕೊಡುವೆನೆಂದು ಹೇಳುವ ತಂತ್ರವು ಇರಲಾರದೆಂಬುದನ್ನು ಬೆರಳೆಣಿಕೆಯಿಂದಲೇ ತೋರಿಸಬಹುದು. ಸೊನ್ನೆ ಒಂದುಗಳ 10 ಗುರುತುಗಳಿಂದ 1024 ಬೇರೆ ಬೇರೆ ದಾಖಲೆಗಳನ್ನು ಬರೆಯಬಹುದು. ಅದಕ್ಕಿಂತ ಕಿರಿದಾದ ದಾಖಲೆಗಳನ್ನೆಲ್ಲ, ಏನೂ ಬರೆಯದ ಬರಿದಾದ ಒಂದನ್ನೂ ಸೇರಿಸಿ, ಎಣಿಸಿದರೆ 1023 ಆಗುತ್ತವೆ. 1024 ಮಂದಿಯನ್ನು 1023 ಪೀಠಗಳಲ್ಲಿ ಒಬ್ಬೊಬ್ಬರನ್ನಾಗಿ ಕೂರಿಸುವುದೆಂತು? ಆದುದರಿಂದಲೇ ಒಮ್ಮೆ ಜಿಪ್ ಮಾಡಿದುದನ್ನು ಮತ್ತೊಮ್ಮೆ ಜಿಪ್ ಮಾಡಿದರೆ ಪ್ರಯೋಜನವಿಲ್ಲ. ಜೆಪೆಗ್ ಚಿತ್ರಗಳನ್ನು ಜಿಪ್ಪಿಗೆ ತುಂಬಿದರೂ ಗಾತ್ರ ಇಳಿಯುವುದಿಲ್ಲ. ಮಡಿಸಿದ ಕಡತಕ್ಕೆ ಇನ್ನು ಮಡಿಕೆ ಕೂಡದು. ಇದಕ್ಕೂ ಮೀರಿ ಕಿರಿದಾಗಬೇಕೆಂದರೆ ಒರಸಲೇಬೇಕು.

ಒರಸುವ ವಿದ್ಯೆಯ ಚರಿತ್ರೆಯಲ್ಲಿ ನಮ್ಮೂರಿನವರೊಬ್ಬರ ಹೆಸರು ಮೊದಲಿಗೆ ಬರುತ್ತದೆ; ಇಲ್ಲಿ ನಾನು ತುಸು ನಿಂತು ಹೇಳಬಯಸುತ್ತೇನೆ. ನಾಸಿರ್ ಅಹ್ಮದ್ ಅವರು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ವಿಶ್ವೇಶ್ವರಯ್ಯನವರು 1917ರಲ್ಲಿ ಸ್ಥಾಪಿಸಿದ, ಇಂದು ಅವರ ಹೆಸರನ್ನೇ ಹೊತ್ತಿರುವ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 1961ರಲ್ಲಿ ಪದವೀಧರರಾದರು. ಅನಂತರ ಅಮೆರಿಕಕ್ಕೆ ಹೋಗಿ, ನ್ಯೂ ಮೆಕ್ಸಿಕೋ ವಿಶ್ವವಿದ್ಯಾನಿಲಯದಲ್ಲಿ 1966ರಲ್ಲಿ ಡಾಕ್ಟರೇಟ್ ಪಡೆದು, ಕ್ಯಾನ್ಸಾಸ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು. 1972ರಲ್ಲಿ ಅವರು, ಕೊಸೈನ್ ತರಂಗಗಳನ್ನು ಆಧರಿಸಿದ ಒಂದು ಪರಿವರ್ತನೆಯನ್ನು ಅಭ್ಯಸಿಸಲು ಧನಸಹಾಯ ಬೇಕೆಂದು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಸಲ್ಲಿಸಿದರು. ವಿಚಾರವು ತೀರ ಸರಳವಾಯಿತೆಂಬ ಅಭಿಪ್ರಾಯದಿಂದ ಸಹಾಯ ದೊರೆಯಲಿಲ್ಲ. ಅಹ್ಮದರು ಕೆಲಸವನ್ನು ಬಿಡಲಿಲ್ಲ. ಬೇಸಗೆಯ ಸಂಬಳವಿಲ್ಲದೆಯೇ ಮುಂದುವರಿಸಿ, ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಗೆಳೆಯ ಕೆ. ಆರ್. ರಾವ್ ಇವರೊಡನೆ 1974ರ ಜನವರಿಯಲ್ಲಿ ಕೆಲವೇ ಪುಟಗಳ ಒಂದು ಲೇಖನವನ್ನು ಪ್ರಕಟಿಸಿದರು. ಹದಿನೆಂಟು ವರ್ಷಗಳ ಬಳಿಕ, 1992ರಲ್ಲಿ, ಜೆಪೆಗ್ ಎಂಬ ಅಂತರರಾಷ್ಟ್ರೀಯ ಮಾನಕವು ಹೊರಬಂದಾಗ ಅದರ ಹೃದಯಸ್ಥಾನದಲ್ಲಿದ್ದುದು ಆ ಪರಿವರ್ತನೆ. ಚಲಚ್ಚಿತ್ರಗಳನ್ನು ಕಿರಿದಾಗಿಸುವ ಎಂಪೆಗ್ ಮೊದಲಾದ ಮಾನಕಗಳೂ ಅದನ್ನೇ ನೆಚ್ಚಿಕೊಂಡವು. ಬೆಂಗಳೂರಿನ ಬೀದಿಗಳಿಗೆ ಎಷ್ಟೋ ಹೆಸರುಗಳನ್ನಿಟ್ಟಿರುವ ನಾವು ಈ ಹೆಸರನ್ನು ಶಾಲೆಯ ಮಕ್ಕಳಿಗೆ ಇನ್ನೂ ಸರಿಯಾಗಿ ತಿಳಿಸಿಲ್ಲವೆಂಬುದು ನನಗೆ ವ್ಯಸನದ ಸಂಗತಿ.

ಆ ಪರಿವರ್ತನೆ ಮಾಡುವುದೇನೆಂದರೆ, ಚಿತ್ರವನ್ನು ಅಡ್ಡ 8, ಉದ್ದ 8 ಚುಕ್ಕೆಗಳ ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕದ 64 ಚುಕ್ಕೆಗಳ ಬೆಳಕನ್ನು ಬೇರೆ 64 ಸಂಖ್ಯೆಗಳಾಗಿ ಬರೆಯುತ್ತದೆ. ಮೊದಲನೆಯ ಸಂಖ್ಯೆ ಇಡೀ ಚೌಕದ ಸರಾಸರಿ ಬೆಳಕು. ಅದನ್ನು ಕಚೇರಿಯ ತಂಬೂರಿಯ ಆಧಾರಶ್ರುತಿಗೆ ಹೋಲಿಸಬಹುದು. ಮುಂದಿನವು ಬೆಳಕು ನಿಧಾನವಾಗಿ ಏರಿಳಿಯುವ ಬಗೆಯನ್ನೂ, ಕೊನೆಕೊನೆಯವು ಕೂದಲೆಳೆಯಷ್ಟು ನವುರಾದ ಗೆರೆಗಳ ಕಂಪನವನ್ನೂ ಹೇಳುತ್ತವೆ. ಇಷ್ಟರಲ್ಲಿ ಏನೂ ಕಳೆದುಹೋಗಿರುವುದಿಲ್ಲ. ಆದರೆ ಮುಖ, ಆಕಾಶ, ಗೋಡೆ ಇಂತಹ ದೃಶ್ಯಗಳಲ್ಲಿ ತೂಕವೆಲ್ಲ ಮೊದಲಿನ ಕೆಲವು ಸಂಖ್ಯೆಗಳಲ್ಲಿಯೇ ಬಂದು ಸೇರುತ್ತದೆ. ಉಳಿದವು ಸೊನ್ನೆಗೆ ಸಮೀಪ. ಆಗ ಒರಸುವ ಕೆಲಸ ಆರಂಭವಾಗುತ್ತದೆ. ಪ್ರತಿ ಸಂಖ್ಯೆಯನ್ನೂ ಗೊತ್ತಾದ ಒಂದು ಭಾಜಕದಿಂದ ಭಾಗಿಸಿ, ಉಳಿದ ಚಿಲ್ಲರೆಯನ್ನು ಬಿಟ್ಟುಬಿಡುತ್ತಾರೆ. ಕಣ್ಣು ಅಷ್ಟಾಗಿ ಗಮನಿಸದ ನವುರಾದ ವಿವರಗಳಿಗೆ ಭಾಜಕ ದೊಡ್ಡದು, ಆದುದರಿಂದ ಅವುಗಳಲ್ಲಿ ಬಹಳಷ್ಟು ಸೊನ್ನೆಯಾಗುತ್ತವೆ. ಸೊನ್ನೆಗಳ ಆ ಉದ್ದನೆಯ ಸಾಲನ್ನು ಹಫ್‌ಮನ್ನನ ರೀತಿಯಲ್ಲಿ ಮಡಿಸಿಡುತ್ತಾರೆ. ‘ಗುಣಮಟ್ಟ 90’, ‘ಗುಣಮಟ್ಟ 30’ ಎಂದು ನಾವು ಎಳೆದು ನಿಲ್ಲಿಸುವ ಮೊಳೆಯು ತಿದ್ದುವುದು ಆ ಭಾಜಕಗಳನ್ನೇ.

ಮುಖಕ್ಕೂ ಆಕಾಶಕ್ಕೂ ಸಲ್ಲುವ ಈ ನ್ಯಾಯವು ಅಕ್ಷರಕ್ಕೆ ಸಲ್ಲುವುದಿಲ್ಲ, ತೊಡಕಿರುವುದು ಇಲ್ಲಿ. ಕರಿಯ ಶಾಯಿಗೂ ಬಿಳಿಯ ಕಾಗದಕ್ಕೂ ನಡುವೆ ಇಳಿಜಾರಿಲ್ಲ, ಕಡಿದಾದ ಅಂಚಿದೆ. ಅಂಚನ್ನು ಹೇಳುವವು ಆ ಕೊನೆಕೊನೆಯ ನವುರಾದ ಸಂಖ್ಯೆಗಳೇ. ಅವನ್ನು ಒರಸಿದರೆ ಅಕ್ಷರದ ಸುತ್ತ ಬೂದಿ ಎರಚಿದಂತಹ ಮಬ್ಬು ಕವಿಯುತ್ತದೆ. ಕನ್ನಡದಲ್ಲಿ ದಕಾರಕ್ಕೂ ಧಕಾರಕ್ಕೂ ಇರುವ ಭೇದ ಕೆಳಗಿನ ಒಂದು ಕಿರುಸೀಳು. ಡಕಾರ ಢಕಾರಗಳ ಸ್ಥಿತಿಯೂ ಅದೇ. ಒತ್ತಕ್ಷರಗಳಂತೂ ಸಾಲಿನ ಕೆಳಗೆ ಅರ್ಧ ಗಾತ್ರದಲ್ಲಿ ಇಳಿದು ಕುಳಿತಿರುತ್ತವೆ. ಇಂಗ್ಲಿಷಿನ ಪುಟವು ತಾಳಿಕೊಳ್ಳುವಷ್ಟು ಒರಸುವಿಕೆಯನ್ನು ಕನ್ನಡದ ಪುಟ ತಾಳಿಕೊಳ್ಳದು.

ಮಬ್ಬಿಗಿಂತಲೂ ಭಯಾನಕವಾದ ಒಂದು ಅನಾಹುತ 2013ರಲ್ಲಿ ಬೆಳಕಿಗೆ ಬಂದಿತು. ಡೇವಿಡ್ ಕ್ರೀಸೆಲ್ ಎಂಬ ಜರ್ಮನಿಯ ಗಣಕವಿಜ್ಞಾನಿಯು, ಜೆರಾಕ್ಸ್ ಕಂಪನಿಯ ಒಂದು ಯಂತ್ರದಲ್ಲಿ ಸ್ಕ್ಯಾನ್ ಮಾಡಿದ ಕಟ್ಟಡದ ನಕ್ಷೆಯಲ್ಲಿ ಮೂರು ಕೋಣೆಗಳೂ 14.13 ಚದರ ಮೀಟರ್ ಎಂದೇ ಬರೆದಿರುವುದನ್ನು ಕಂಡನು. ಮೂಲ ನಕ್ಷೆಯಲ್ಲಿ ಇದ್ದುದು 14.13, 21.11 ಮತ್ತು 17.42. ಯಂತ್ರವು ಜೆಬಿಗ್-2 ಎಂಬ ವಿಧಾನವನ್ನು ಅನುಸರಿಸುತ್ತಿತ್ತು. ಪುಟದಲ್ಲಿ ಒಂದರಂತೆ ಒಂದು ಕಾಣುವ ತುಣುಕುಗಳನ್ನು ಒಂದೇ ಎಂದು ಭಾವಿಸಿ, ಒಂದರ ಅಚ್ಚನ್ನು ಇಟ್ಟುಕೊಂಡು, ಉಳಿದೆಡೆಗಳಲ್ಲಿ ಅದನ್ನೇ ಒತ್ತುವುದು ಅದರ ಕ್ರಮ. ಹೋಲಿಕೆಯ ಪರೀಕ್ಷೆ ಸಡಿಲವಾದಾಗ 6 ಇದ್ದಲ್ಲಿ 8 ಬಂದು ಕುಳಿತುಕೊಂಡಿತು. ಕಂಪನಿಯು ತರುವಾಯ ತಂತ್ರಾಂಶವನ್ನು ತಿದ್ದಿ ಬಿಡುಗಡೆ ಮಾಡಿತು. ಇಲ್ಲಿ ಗಮನಿಸಬೇಕಾದುದು, ತಪ್ಪು ಅಂಕಿ ಮಬ್ಬಾಗಿರಲಿಲ್ಲ. ಅಚ್ಚುಕಟ್ಟಾಗಿ, ಸ್ಫುಟವಾಗಿ, ನಂಬುವಂತಿತ್ತು. ಮಬ್ಬಾದ ಅಕ್ಷರವು ತಾನು ಕೆಟ್ಟಿದ್ದೇನೆಂದು ತಾನೇ ಸಾರುತ್ತದೆ. ಸ್ಫುಟವಾದ ಸುಳ್ಳು ಹಾಗೆ ಸಾರುವುದಿಲ್ಲ. ಅಸಂದಿಗ್ಧತೆಯನ್ನು ಲಾಘವದ ಪಕ್ಕದಲ್ಲಿಯೇ ನಿಲ್ಲಿಸಿದ ಹಿರಿಯರ ವಿವೇಕದ ಬೆಲೆ ನನಗೆ ಇಲ್ಲಿ ಪೂರ್ತಿಯಾಗಿ ತಿಳಿಯಿತು.

ಇನ್ನು ಜೆರಾಕ್ಸ್ ಅಂಗಡಿಗೆ ಹಿಂದಿರುಗೋಣ. ಮಬ್ಬಾದ ಅಂಕಿಯನ್ನು ನೋಡಿ ಹುಡುಗಿ ತಬ್ಬಿಬ್ಬಾಗಿದ್ದಾಗ ಅಂಗಡಿಯ ಯಜಮಾನಿ ಒಳಗಿನಿಂದ ಎದ್ದು ಬಂದರು. ಇಳಿಸಿಕೊಂಡಿದ್ದ ಪ್ರತಿಯನ್ನು ಅಳಿಸಿ, ಮಾರ್ಕ್ಸ್ ಕಾರ್ಡನ್ನು ಮತ್ತೆ ಗಾಜಿನ ಮೇಲಿಟ್ಟು, ಬಣ್ಣವೆಂದಿದ್ದುದನ್ನು ಬೂದುಬಣ್ಣಕ್ಕೂ 300 ಎಂದಿದ್ದುದನ್ನು 150ಕ್ಕೂ ಬದಲಿಸಿ ಸ್ಕ್ಯಾನ್ ಮಾಡಿದರು. 250 ಕೆಬಿಯ ಆಸುಪಾಸಿನ ಕಡತವೊಂದು ಬಂದಿತು. ಅಂಕಿ 3 ಎಂಬುದರಲ್ಲಿ ಸಂಶಯವೇ ಉಳಿಯಲಿಲ್ಲ. “ಮೊದಲೇ ಸಣ್ಣದಾಗಿ ತೆಗೀಬೇಕು ಕಣೋ, ದೊಡ್ಡದು ತೆಗೆದು ಹಿಂಡಬಾರದು” ಎಂದು ಅವರು ಹುಡುಗನಿಗೆ ಹೇಳಿದ ಮಾತಿಗಿಂತ ಉತ್ತಮವಾದ ಪಾಠವನ್ನು ನಾನು ಯಾವ ಕೈಪಿಡಿಯಲ್ಲಿಯೂ ಓದಿಲ್ಲ.

ಆಕೆ ಮಾಡಿದುದರ ಲೆಕ್ಕ ಸುಲಭ. ಅಂಗುಲಕ್ಕೆ 300 ಇದ್ದ ಚುಕ್ಕೆ 150 ಆದರೆ ಅಗಲದಲ್ಲಿಯೂ ಅರ್ಧ, ಉದ್ದದಲ್ಲಿಯೂ ಅರ್ಧ. ಚುಕ್ಕೆಗಳ ಮೊತ್ತ ನಾಲ್ಕನೆಯ ಒಂದು. ಬಣ್ಣ ಹೋಗಿ ಬೂದು ಬಂದರೆ ಮೂರು ಬೈಟಿನ ಜಾಗದಲ್ಲಿ ಒಂದು. ಒರಸುವ ಕೆಲಸಕ್ಕೆ ಕೈಹಚ್ಚುವ ಮೊದಲೇ ಹೊರೆ ಹನ್ನೆರಡನೆಯ ಒಂದು ಪಾಲಿಗೆ ಇಳಿಯಿತು. ಬರಿಯ ಟೈಪಾದ ಪತ್ರವಾಗಿದ್ದರೆ ಕಪ್ಪು ಬಿಳುಪೆಂಬ ಎರಡೇ ಬಗೆಯಲ್ಲಿ, ಚುಕ್ಕೆಗೆ ಒಂದೇ ಗುರುತಿನಂತೆ, ಹಿಡಿಯಬಹುದು. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಇರುವ ವ್ಯತ್ಯಾಸವನ್ನು ಮಾತ್ರ ಬರೆದಿಡುವ ಫ್ಯಾಕ್ಸಿನ ಹಳೆಯ ವಿಧಾನವು ಅದನ್ನು ಒಂದಕ್ಷರವೂ ಕೆಡದಂತೆ ಚೆನ್ನಾಗಿ ಮಡಿಸುತ್ತದೆ. ಆದರೆ ನೀಲಿ ಮೊಹರು, ಹಸುರು ಶಾಯಿಯ ಸಹಿ, ಮಾಸಿದ ಪೆನ್ಸಿಲ್ ಗುರುತು ಇರುವ ಪತ್ರಕ್ಕೆ ಕಪ್ಪು ಬಿಳುಪು ಸಲ್ಲದು; ಮಾಸಿದುದೆಲ್ಲ ಬಿಳುಪಿಗೆ ಸೇರಿ ಮಾಯವಾಗುತ್ತದೆ.

ವರ್ಡಿನಲ್ಲಿ ಬರೆದುದನ್ನು ಮುದ್ರಿಸಿ ಮತ್ತೆ ಸ್ಕ್ಯಾನ್ ಮಾಡುವ ಅಭ್ಯಾಸ ಇನ್ನೂ ಎಷ್ಟೋ ಕಚೇರಿಗಳಲ್ಲಿದೆ. ಸಹಿಯ ಆವಶ್ಯಕತೆಯಿಲ್ಲದ ಕಡೆ ವರ್ಡಿನಿಂದ ನೇರವಾಗಿ ಪಿಡಿಎಫ್ ತೆಗೆದರೆ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ, ಅದರಲ್ಲಿ ಬೇಕಾದ ಪದವನ್ನು ಹುಡುಕಬಹುದು, ತೂಕವೂ ಅಲ್ಪ. ಡಿಟಿಪಿಯವರು ಅಕ್ಷರಗಳನ್ನೆಲ್ಲ ‘ಕರ್ವ್ಸ್’ ಮಾಡಿ ಕಳುಹಿಸುವುದು ಮುದ್ರಣಾಲಯದಲ್ಲಿ ಆ ಫಾಂಟ್ ಇಲ್ಲದಿದ್ದಾಗ ಉಪಯುಕ್ತವೇ ಹೌದು. ಅದೇ ಪ್ರತಿಯನ್ನು ಓದುಗರಿಗೂ ಹಂಚಿದರೆ ಪ್ರತಿ ಅಕ್ಷರವೂ ಗೆರೆಗಳ ಚಿತ್ರವಾಗಿ ಕಡತ ಊದಿಕೊಳ್ಳುತ್ತದೆ, ಹುಡುಕುವ ಸೌಕರ್ಯವೂ ತಪ್ಪುತ್ತದೆ. ವರ್ಡ್ ದಾಖಲೆಯು ಕಾರಣ ತಿಳಿಯದೆ ಭಾರವಾಗಿದ್ದರೆ ಅದರ ಒಂದು ಪ್ರತಿ ಮಾಡಿ, ಹೆಸರಿನ ಕೊನೆಯ ‘ಡಾಕ್ಸ್’ ಎಂಬುದನ್ನು ‘ಜಿಪ್’ ಎಂದು ಬದಲಾಯಿಸಿ ತೆರೆದು ನೋಡಿರಿ. ಒಳಗೆ ‘ಮೀಡಿಯಾ’ ಎಂಬ ಮಡಿಕೆಯಲ್ಲಿ ಫೋನಿನಲ್ಲಿ ತೆಗೆದ ಚಿತ್ರಗಳು ಪೂರ್ಣಗಾತ್ರದಲ್ಲಿ ಮಲಗಿರುತ್ತವೆ. ನೀವು ಕತ್ತರಿಸಿ ತೆಗೆದೆನೆಂದುಕೊಂಡ ಅಂಚುಗಳೂ ಅಲ್ಲಿಯೇ ಇರುವುದುಂಟು. ಚಿತ್ರಗಳನ್ನು ಕುಗ್ಗಿಸುವ ಆಜ್ಞೆ ಕೊಡುವಾಗ ಕತ್ತರಿಸಿದ ಭಾಗಗಳನ್ನು ಅಳಿಸೆಂದೂ ಗುರುತು ಹಾಕಬೇಕು. ಇದು ತೂಕದ ಮಾತಷ್ಟೇ ಅಲ್ಲ, ಮಾನದ ಮಾತೂ ಹೌದು. ಮರೆಮಾಡಬೇಕೆಂದೇ ಕತ್ತರಿಸಿದುದು ಪರರ ಕೈಗೆ ಹೋಗಬಾರದಷ್ಟೆ.

ಸಿದ್ಧವಾಗಿರುವ ಪಿಡಿಎಫ್ ಅನ್ನು ಕಿರಿದಾಗಿಸಲೇಬೇಕಾದಾಗ ಘೋಸ್ಟ್‌ಸ್ಕ್ರಿಪ್ಟ್ ಎಂಬ ಉಚಿತ ತಂತ್ರಾಂಶ ಒಳ್ಳೆಯ ಸಾಧನ. ಪರದೆಗೆಂದು 72, ಇ-ಪುಸ್ತಕಕ್ಕೆಂದು 150, ಮುದ್ರಣಕ್ಕೆಂದು 300 ಚುಕ್ಕೆಗಳ ಮಟ್ಟಗಳು ಅದರಲ್ಲಿವೆ. ಸ್ಕ್ಯಾನ್ ಮಾಡಿದ ಕನ್ನಡ ಪುಟಗಳಿಗೆ 72 ಎಂದಿಗೂ ಸಲ್ಲದೆಂಬುದು ನನ್ನ ಅನುಭವ. ಇದು ನಮ್ಮ ಯಂತ್ರದಲ್ಲಿಯೇ ಕೆಲಸ ಮಾಡುತ್ತದೆಂಬುದು ಇನ್ನೊಂದು ಗುಣ. ಆಧಾರ್, ಪಹಣಿ, ಬ್ಯಾಂಕಿನ ಪಾಸ್‌ಬುಕ್ ಇವುಗಳನ್ನು ಕಿರಿದಾಗಿಸಲೆಂದು ಯಾರೆಂದು ತಿಳಿಯದವರ ತಾಣಕ್ಕೆ ಏರಿಸುವುದು, ಮನೆಯ ಪೆಟ್ಟಿಗೆಯಲ್ಲಿರುವುದನ್ನು ಮಡಿಸಿ ಕೊಡೆಂದು ದಾರಿಹೋಕನ ಕೈಗೆ ಕೊಟ್ಟಂತೆ.

ಕೊನೆಯದಾಗಿ, ನನಗಾದ ಒಂದು ನಷ್ಟವನ್ನು ಹೇಳಬೇಕು. ನಮ್ಮ ಸೋದರಮಾವನವರು ನನ್ನ ತಾಯಿಗೆ ಬರೆದ ಇನ್‌ಲ್ಯಾಂಡ್ ಪತ್ರಗಳು ನಲವತ್ತಕ್ಕೂ ಹೆಚ್ಚಿದ್ದವು. ಹಲವು ವರ್ಷಗಳ ಹಿಂದೆ ಅವನ್ನೆಲ್ಲ ಶ್ರದ್ಧೆಯಿಂದ ಸ್ಕ್ಯಾನ್ ಮಾಡಿದ್ದೆ. ಗಣಕಯಂತ್ರದಲ್ಲಿ ಜಾಗ ಸಾಲದೆ ಬಂದಾಗ ಅಷ್ಟನ್ನೂ ಒಂದೇ ಸಲಕ್ಕೆ ಕುಗ್ಗಿಸಿದೆ. ಕುಗ್ಗಿಸಿದ ಪ್ರತಿಯು ಮೂಲದ ಮೇಲೆಯೇ ಬರೆಯಲ್ಪಟ್ಟಿತು. ಪರದೆಯ ಮೇಲೆ ಎಲ್ಲವೂ ಚೆನ್ನಾಗಿಯೇ ಕಂಡಿತು. ಮುಂದೆ ಕಾಗದಗಳಿಗೆ ಗೆದ್ದಲು ಹಿಡಿಯಿತು. ಮಾವನವರಿಗೆ, ಬರೆದು ಮುಗಿಸಿದ ಮೇಲೆ ನೆನಪಾದುದನ್ನು ಮಡಿಸುವ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣಗೆ ಬರೆಯುವ ಅಭ್ಯಾಸವಿತ್ತು. ಮಕ್ಕಳ ಜ್ವರ, ಮಳೆ, ಹಸು ಕರು ಹಾಕಿದ ಸುದ್ದಿ ಇವೆಲ್ಲ ಅಲ್ಲಿಯೇ ಇರುತ್ತಿದ್ದವು. ತಾಯಿಯವರು ಒಮ್ಮೆ ಆ ಅಂಚಿನ ಬರಹವನ್ನು ಓದಿಹೇಳೆಂದು ಕೇಳಿದಾಗ ಚಿತ್ರವನ್ನು ಎಷ್ಟು ದೊಡ್ಡದು ಮಾಡಿದರೂ ಅಂಚಿನಲ್ಲಿ ಬೂದುಬಣ್ಣದ ಚೌಕಗಳಲ್ಲದೆ ಮತ್ತೇನೂ ಕಾಣಲಿಲ್ಲ.

ಆದುದರಿಂದ ವಾಚಕರಲ್ಲಿ ನನ್ನದೊಂದು ಬಿನ್ನಹ. ಕಳುಹಿಸುವುದಕ್ಕಾಗಿ ಕಿರಿದುಮಾಡುವುದು ಪ್ರತಿಯನ್ನು ಮಾತ್ರವಾಗಲಿ. ಮೂಲವನ್ನು ಬೇರೊಂದು ಹೆಸರಿನಲ್ಲಿ, ಸಾಧ್ಯವಾದರೆ ಬೇರೊಂದು ಡ್ರೈವಿನಲ್ಲಿ ಇಟ್ಟ ಮೇಲೆಯೇ ಆ ಗುಂಡಿಯನ್ನು ಒತ್ತಿರಿ. ಒತ್ತಿದ ಮೇಲೆ, ಕಡತವನ್ನು ತೆರೆದು, ಅದರಲ್ಲಿನ ಅತಿ ಸಣ್ಣ ಅಕ್ಷರವನ್ನು ಒಮ್ಮೆ ಓದಿ ನೋಡಿ, ಆಮೇಲೆ ಕಳುಹಿಸಿರಿ.